ಧೂಮಾಯದ ಕೋಣೆ

ಟೇಪು ಹದಿನಾಲ್ಕು ಅಡಿಗೆ ನಿಂತುಬಿಟ್ಟಿತು.

ಇಂದ್ರಾಣಿ ಸುತ್ತಿಕೊಂಡು ಇನ್ನೊಮ್ಮೆ ಎಳೆದಳು. ತುದಿ ಎದುರು ಗೋಡೆಗೆ ತಾಗಿ ಟಕ್ಕೆಂದಿತು. ಹದಿನಾಲ್ಕೇ. ಹೊರಗಿನ ಜಗಲಿಯಲ್ಲಿ ಅಳೆದು, ಎರಡು ಕಡೆಯ ಗೋಡೆಗಳ ದಪ್ಪ ಕಳೆದಾಗ ಈ ಕೋಣೆ ಹದಿನೇಳು ಅಡಿ ಬರಬೇಕಿತ್ತು. ಒಡವೆ ಕಳುವಾಗುವುದುಂಟು, ದೇವಸ್ಥಾನದ ಮುಂದೆ ಬಿಟ್ಟ ಚಪ್ಪಲಿ ಕಳುವಾಗುವುದುಂಟು. ಮನೆಯೊಳಗೇ ಮೂರು ಅಡಿ ಜಾಗ ಕಳುವಾದದ್ದನ್ನು ಅವಳು ಇದೇ ಮೊದಲು ನೋಡಿದ್ದು.

ಮಧ್ಯಾಹ್ನವಾದರೂ ಕೋಣೆಯಲ್ಲಿ ಕತ್ತಲೆ. ದಿನವೂ ಈ ಹೊತ್ತಿಗೆ ಹೋಗುವ ಕರೆಂಟು ಇವತ್ತೂ ಹೋಗಿತ್ತು. ಅತ್ತ ರೈಸ್‌ಮಿಲ್ಲಿನ ಸದ್ದೂ ನಿಂತು ಮನೆ ಮೌನವಾಗಿತ್ತು. ಭತ್ತದ ಮೂಟೆಗಳ ನಡುವೆ ಟಾರ್ಚು ಹಿಡಿದು ನಿಂತ ಇಂದ್ರಾಣಿಗೆ ತನ್ನ ಎದೆ ಹೊಡೆದುಕೊಳ್ಳುವುದು ತನಗೇ ಕೇಳಿಸುತ್ತಿತ್ತು. ಆ ಸದ್ದು ಬಾಗಿಲ ಆಚೆಗೂ ಕೇಳಿಸೀತೇನೋ ಎಂದು ಅವಳು ನಿಜವಾಗಿಯೂ ಹೆದರಿದಳು.

ಈ ಮನೆಯ ಹಿರಿಯಮ್ಮ ಜವರಮ್ಮನವರ ಒಡವೆ ಕದ್ದು ಪರಾರಿಯಾದ ಎಂದು ಠಾಣೆಯಲ್ಲಿ ಹೆಸರು ಬರೆಸಲಾಗಿದ್ದ ಗಾರೆ ಕೆಲಸ ಮಾಡುವ ತನ್ನ ತಮ್ಮ ನಾಗೇಂದ್ರನನ್ನು ಹುಡುಕಿಕೊಂಡು, ಬಿರುಕು ನೋಡಲು ಬಂದ ಎಂಜಿನಿಯರ್ ಎಂದು ಹೇಳಿಕೊಂಡು ಅವಳು ನರಸೀಪುರದ ಈ ಮನೆ ಹೊಕ್ಕಿದ್ದಳು. ಎಂಜಿನಿಯರ್ ಎಂಬುದೇನೂ ಸುಳ್ಳಲ್ಲ. ಮೈಸೂರಿನಲ್ಲಿ ಆರ್ಕಿಟೆಕ್ಚರಲ್ ಎಂಜಿನಿಯರಿಂಗ್ ಮುಗಿಸಿ, ನಂಜನಗೂಡಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ತಾಂಡ್ಯದಲ್ಲಿ ಕಾರ್ಖಾನೆ ಶೆಡ್ಡುಗಳ ನಕ್ಷೆ ಬರೆಯುತ್ತಿದ್ದವಳೇ. ಹೇಳದೆ ಬಿಟ್ಟದ್ದು ಒಂದೇ, ತಾನು ಯಾರ ಅಕ್ಕ ಎಂಬುದು.

"ಅಳತೆ ಮುಗೀತಾ, ಎಂಜಿನಿಯರಮ್ಮ?"

ಅವಳು ಬೆಚ್ಚಿ ತಿರುಗಿದಳು. ಹೊಸ್ತಿಲಾಚೆ ಮನೆಯ ಯಜಮಾನ ಚಿಕ್ಕಬಸಪ್ಪ ನಿಂತಿದ್ದ. ಹಣೆಯಲ್ಲಿ ವಿಭೂತಿ, ಬಿಳಿ ಪಂಚೆ, ಬಾಯಲ್ಲಿ ಎಲೆಅಡಿಕೆ. ಬೆಳಿಗ್ಗೆ ಉಯ್ಯಾಲೆಯ ಮೇಲೆ ಕೂರಿಸಿ ಕಾಫಿ ಕೊಡಿಸಿದ್ದ ಮನುಷ್ಯ.

"ಮುಗೀತು ಯಜಮಾನ್ರೇ. ಆದ್ರೆ ಒಳಗಿನ ಅಳತೆ ಯಾಕೋ ಕಮ್ಮಿ ಬರ್ತಿದೆ."

ಅವನ ಎಲೆಅಡಿಕೆ ಅಗಿಯುವ ದವಡೆ ಒಂದು ಗಳಿಗೆ ನಿಂತು ಮತ್ತೆ ಆಡಿತು.

"ಅದಾ? ನಮ್ಮಪ್ಪಾರ ಕಾಲದ ಗೋಡೆ. ಕೋಣೆಗೆ ಆಯ ಕೂಡಿ ಬರ್ಲಿಲ್ಲ ಅಂತ ಒಂದು ಗೋಡೆ ಎಳೆದು ಕಿರಿದು ಮಾಡ್ಸಿದ್ರು. ನೀವು ಕಾಲೇಜಲ್ಲಿ ಓದ್ದೋರು, ಆಯ ಪಾಯ ಎಲ್ಲ ನಂಬಾಕಿಲ್ಲ ಬಿಡಿ."

ಒಳಗೆ ಎಲ್ಲೋ ಫೋನು ಬಡಿದುಕೊಂಡಿತು. ಚಿಕ್ಕಬಸಪ್ಪ "ಬಂದೆ" ಎಂದು ಹೊರಟುಹೋದ.

ಇಂದ್ರಾಣಿ ನಂಬುತ್ತಿದ್ದಳೋ ಇಲ್ಲವೋ, ಲೆಕ್ಕವಂತೂ ಗೊತ್ತಿತ್ತು. ಕೊನೆಯ ವರ್ಷ ಅವಳ ತರಗತಿಯವರೆಲ್ಲ ತಲಕಾಡಿನ ಸುತ್ತಮುತ್ತ ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆದಿದ್ದರು. ಪ್ರತಿ ಮನೆಗೂ ಆಯ ಹಾಕಿಸುತ್ತಿದ್ದರು ಮೇಷ್ಟ್ರು. ಕಟ್ಟಿಸಿದವನ ತಲೆಯಲ್ಲಿ ಏನಿತ್ತು ಎಂದು ತಿಳಿಯದೆ ಅವನ ಮನೆಯ ನಕ್ಷೆ ಬರೆಯುವುದು ಹೇಗೆ ಎಂಬುದು ಅವರ ವಾದ. ಉದ್ದ ಅಗಲ ಗುಣಿಸು, ಬಂದದ್ದನ್ನು ಒಂಬತ್ತರಿಂದ ಗುಣಿಸು, ಎಂಟರಿಂದ ಭಾಗಿಸು. ಶೇಷ ಬೆಸ ಬಂದರೆ ಒಳ್ಳೆಯದು, ಸಮ ಬಂದರೆ ಕೆಟ್ಟದ್ದು.

ಕೋಣೆಯ ಅಗಲ ಹನ್ನೊಂದು. ಉದ್ದ ಹದಿನೇಳು ಇದ್ದರೆ ಶೇಷ ಮೂರು. ಸಿಂಹಾಯ, ಬಹಳ ಒಳ್ಳೆಯದು. ಹದಿನಾಲ್ಕು ಇದ್ದರೆ?

ಅವಳು ಅಂಗೈಯ ಮೇಲೆ ಬೆರಳಿನಿಂದ ಗೀಚಿ ಎರಡು ಸಲ ಲೆಕ್ಕ ಹಾಕಿದಳು. ಶೇಷ ಎರಡು. ಧೂಮಾಯ! ಹೊಗೆಯ ಲೆಕ್ಕ. ಧೂಮಾಯದ ಕೊಟ್ಟಿಗೆಯಲ್ಲಿ ದನ ಕಟ್ಟಲೂ ಈ ಕಡೆಯ ಜನ ಹಿಂದೆಮುಂದೆ ನೋಡುತ್ತಾರೆ. ಇನ್ನು ಇಂಥ ಮನೆತನದ ಹಿರಿಯರು ಸಿಂಹಾಯವನ್ನು ಕೆಡಿಸಿ, ಕೈಯಾರೆ ಗೋಡೆ ಎಳೆದು ಧೂಮಾಯ ಮಾಡಿಕೊಂಡರೇ? ಕಾಲೇಜು ಹುಡುಗಿಗೆ ಏನು ತಿಳಿದೀತು ಎಂದು ಯಜಮಾನ ಬಾಯಿಗೆ ಬಂದದ್ದನ್ನು ಹೇಳಿ ಹೋಗಿದ್ದ.

ಅಂದರೆ ಈ ಗೋಡೆ ಅಪ್ಪನ ಕಾಲದ್ದಲ್ಲ. ಯಾರ ಕಾಲದ್ದು ಎಂದು ಯೋಚಿಸಲೂ ಅವಳಿಗೆ ಭಯವಾಯಿತು.

"ಮಗಾ…"

ಅವಳ ಕೈಯಿಂದ ಟಾರ್ಚು ಜಾರಿತು. ಬಾಗಿಲಲ್ಲಿ ಚಿಕ್ಕಬಸಪ್ಪನ ತಾಯಿ ಜವರಮ್ಮ, ಬಾಗಿದ ಬೆನ್ನಿನ ಮುದುಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಕೂಗ್ಬ್ಯಾಡ ಕಣವ್ವಾ. ಅವ್ನು ಫೋನಲ್ಲಿ ಅವ್ನೆ. ನೀನು ಪೋಲೀಸ್ನೋರ ಕಡೆಯೋಳಾ?"

"ಅಲ್ಲ ಅಜ್ಜಿ. ಯಾಕೆ?"

ಮುದುಕಿ ಹಿಂದಕ್ಕೊಮ್ಮೆ ನೋಡಿದಳು.

"ನನ್ ಒಡವೆ ಎಲ್ಲೂ ಓಗಿಲ್ಲ. ಎಲ್ಲಾ ಪೆಟ್ಟಿಗೇಲೇ ಅವೆ. ಅದ್ಯಾಕೆ ಅಂಗ್ ಬರ್ಸ್ದ್ಯೋ ಅಂದ್ರೆ, ಬಾಯ್ ಮುಚ್ಚು ಅಂತಾನೆ."

"ಹಾಗಾದ್ರೆ ಆ ಗಾರೆ ಕೆಲಸದ ಹುಡುಗ?"

"ಸೋಮವಾರ ಈ ಕೋಣೆ ಒಳಕ್ ಓದ. ತೊಲೆ ಉಳ ಇಡ್ದದೆ, ಆಸರೆ ಕೊಡ್ಬೇಕು ಅಂತ ಕರ್ಸಿದ್ದ ಇವ್ನು. ಎಲ್ಡು ದಿನ ಕೆಲ್ಸದ ಸದ್ದು ಕೇಳ್ತಿತ್ತು. ಆಮೇಕೆ ನಿಂತೋಯ್ತು." ಜವರಮ್ಮ ಇನ್ನಷ್ಟು ಹತ್ತಿರ ಬಂದು ಪಿಸುಗುಟ್ಟಿದಳು. "ನಾ ಜಗಲಿ ಮೇಲೇ ಕುಂತಿದ್ದೆ ಕಣವ್ವಾ. ಅವ್ನು ಒಳಕ್ ಓಗಿದ್ ಕಂಡಿವ್ನಿ. ಆಚೀಕೆ ಬಂದಿದ್ ನಾ ಕಾಣೆ."

ಮುದುಕಿ ಬಂದ ಹಾಗೆಯೇ ಸದ್ದಿಲ್ಲದೆ ಸರಿದುಹೋದಳು.

ಅಳಬೇಕೆನಿಸಿತು ಅವಳಿಗೆ. ಅಳಲಿಲ್ಲ, ಅಳುವುದಕ್ಕೆ ಪುರಸೊತ್ತಿರಲಿಲ್ಲ. ಟಾರ್ಚು ಎತ್ತಿಕೊಂಡು ಗೋಡೆಯ ಮುಂದೆ ಮಂಡಿಯೂರಿದಳು. ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡಡ್ಡ ಬೆಳಕು ಬಿಟ್ಟಳು. ಹೀಗೆ ಬಿಟ್ಟರೆ ಗೋಡೆಯ ಉಬ್ಬುತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತದೆ. ಕಂಡಿತು. ಸಿಮೆಂಟು ಗಾರೆಯನ್ನು ಮಕ್ಕಳು ಮಣ್ಣು ಮೆತ್ತಿದಂತೆ ಮೆತ್ತಲಾಗಿತ್ತು. ಅಲ್ಲಲ್ಲಿ ಇನ್ನೂ ತೇವ. ಇದು ನಾಗೇಂದ್ರನ ಕೈ ಅಲ್ಲವೇ ಅಲ್ಲ. ನಾಗೇಂದ್ರ ಮೆತ್ತಿದ ಗೋಡೆಯ ಮೇಲೆ ನೀರು ಸುರಿದರೆ ಒಂದೇ ಸಮ ಹರಿಯುತ್ತದೆ.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಮೂಟೆಯ ಮರೆಯಲ್ಲಿ ಸೊಂಟದೆತ್ತರಕ್ಕೆ ಗಾರೆ ಕೆರೆದಳು. ಹಸಿ ಗಾರೆ ಉದುರಿತು. ಹೆಬ್ಬೆರಳಿನ ಅಗಲಕ್ಕಿಂತ ದಪ್ಪ! ಅದರ ಕೆಳಗೆ ಇಟ್ಟಿಗೆ. ಸಾಲುಗಳು ದಾರ ಹಿಡಿದಂತೆ ನೇರ. ಅದು ಮಾತ್ರ ನಾಗೇಂದ್ರನ ಕೈ. ರಜೆಗೆ ಊರು ಹೆಮ್ಮರಗಾಲಕ್ಕೆ ಹೋದಾಗ ಅವನು ಅಕ್ಕನಿಗೆ ಕರಣೆ ಹಿಡಿಯುವುದನ್ನು ಕಲಿಸುತ್ತಿದ್ದ, ಅವಳು ಅವನಿಗೆ ನಕ್ಷೆ ಓದುವುದನ್ನು ಕಲಿಸುತ್ತಿದ್ದಳು. ಯಾರು ಯಾರಿಗೆ ಮೇಷ್ಟ್ರು ಎಂದು ಅವ್ವ ಚಲುವಮ್ಮ ನಗುತ್ತಿದ್ದಳು.

ಸಾಲು ನೇರವಾಗಿದ್ದರೂ ಇಟ್ಟಿಗೆಗಳ ಮುಖ ಮಾತ್ರ ಹಲ್ಲುಹಲ್ಲಾಗಿತ್ತು. ಒಂದು ಮುಂದೆ ಚಾಚಿಕೊಂಡಿದೆ, ಪಕ್ಕದ್ದು ಒಳಗೆ ಸೇರಿಕೊಂಡಿದೆ. ಇಂದ್ರಾಣಿಯ ಕೈ ಅಲ್ಲೇ ನಿಂತಿತು.

ಎರಡನೇ ವರ್ಷದ ಪಾಠ ಅದು. ಗೋಡೆ ಕಟ್ಟುವವನು ತಾನು ನಿಂತ ಮಗ್ಗುಲಿಗೆ ದಾರ ಕಟ್ಟಿ ಇಟ್ಟಿಗೆಯ ಮುಖಗಳನ್ನು ಸಮ ಮಾಡಿಕೊಂಡು ಹೋಗುತ್ತಾನೆ. ಇಟ್ಟಿಗೆಗಳೆಲ್ಲ ಒಂದೇ ಉದ್ದ ಇರುವುದಿಲ್ಲವಲ್ಲ, ಆ ಹೆಚ್ಚುಕಮ್ಮಿಯೆಲ್ಲ ಆಚೆ ಮಗ್ಗುಲಿಗೆ ಹೋಗುತ್ತದೆ. ಅದಕ್ಕೇ ಆಚೆ ಮಗ್ಗುಲಿಗೆ ಗಾರೆ ದಪ್ಪ ಬೇಕು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ಅವಳು ಖುಷಿಯಿಂದ ಬರೆದಿದ್ದಳು.

ಈಗ ಅವಳ ಮುಂದಿರುವುದು ಆ ಆಚೆ ಮಗ್ಗುಲು.

ಹಾಗಾದರೆ ಕಟ್ಟಿದವನು ಅತ್ತ ನಿಂತು ಕಟ್ಟಿದ್ದಾನೆ. ಗೋಡೆಯ ಒಳಗಡೆ. ನಾಗೇಂದ್ರ ತಾನು ಒಳಗೆ ನಿಂತು, ತನ್ನ ಮುಂದೆ ತಾನೇ ಗೋಡೆ ಎತ್ತಿದ್ದಾನೆ. ಹೊರಗಿನ ಗಾರೆ ಮಾತ್ರ ಬೇರೆ ಯಾರೋ ಮೆತ್ತಿದ್ದಾರೆ.

ಹುಚ್ಚನಲ್ಲ ಅವನು. ಹೊರಗೆ ಬರಲು ದಾರಿ ಇದೆ ಎಂದುಕೊಂಡೇ ಕಟ್ಟಿರುತ್ತಾನೆ. ಬೆಳಿಗ್ಗೆ ಬಿರುಕು ನೋಡುವ ನೆಪದಲ್ಲಿ ತಾರಸಿ ಹತ್ತಿದಾಗ ಕಂಡದ್ದು ಅವಳಿಗೆ ಆಗ ಅರ್ಥವಾಯಿತು. ಇದೇ ಕೋಣೆಯ ತುದಿಗೆ, ಬೆಳಕಿಂಡಿ ಇದ್ದ ಜಾಗದ ಮೇಲೆ, ಒಂದು ಕಲ್ಲುಚಪ್ಪಡಿ. ಮಳೆ ನೀರು ಸೋರುತ್ತೆ ಅಂತ ಮುಚ್ಚಿಸ್ದೆ ಎಂದಿದ್ದ ಯಜಮಾನ. ಚಪ್ಪಡಿಯ ಅಂಚಿನ ಸಿಮೆಂಟು ಬೆರಳೊತ್ತಿದರೆ ಇಳಿಯುವಷ್ಟು ಹಸಿಯಾಗಿತ್ತು.

ಬೆಳಕಿಂಡಿಯಿಂದ ಹತ್ತಿ ಬರುತ್ತೇನೆ ಎಂದುಕೊಂಡವನು ಹತ್ತಿ ಬರಲಿಲ್ಲ.

ಅವಳು ಗೋಡೆಗೆ ಕಿವಿಯಿಟ್ಟಳು. ಏನೂ ಇಲ್ಲ. "ನಾಗೇಂದ್ರ" ಎಂದು ಕರೆಯಲು ಬಾಯಿ ತೆರೆದಳು.

"ಹೆಮ್ಮರಗಾಲದ ಹುಚ್ಚಯ್ಯನ ಮಗಳಂತಲ್ಲಾ ನೀನು."

ಬೆನ್ನ ಹಿಂದೆ ಅದೇ ದನಿ. ಆದರೆ ಅದರಲ್ಲಿದ್ದ 'ನೀವು' ಬಿದ್ದುಹೋಗಿತ್ತು.

ಇಂದ್ರಾಣಿ ಎದ್ದು ನಿಂತಳು. ಚಿಕ್ಕಬಸಪ್ಪ ಅದೇ ಹೊಸ್ತಿಲಾಚೆ ನಿಂತಿದ್ದ. ಈಗ ಅವನ ಕೈಯಲ್ಲಿ ಒಂದು ಹಾರೆ ಇತ್ತು.

"ನಂಜನಗೂಡಿನ ನಿಮ್ ಆಫೀಸಿಗೇ ಫೋನ್ ಮಾಡಿದ್ದೆ. ಪಾಪ, ಒಳ್ಳೇ ಜನ. ಎಲ್ಲಾ ಹೇಳ್ಬುಟ್ರು. ನಿಮ್ಮಪ್ಪ ನಮ್ ಮಿಲ್ಲಿಗೆ ಮೂಟೆ ಹೊರಾಕೆ ಬತ್ತಿದ್ದ. ಒಂದಿನಾನೂ ಈ ಜಗಲಿ ಹತ್ತಿದೋನಲ್ಲ. ಮಗಳು ನೋಡು, ಟೇಪು ಹಿಡ್ಕೊಂಡು ನಡುಮನೆ ದಾಟಿ ಬಂದವ್ಳೆ."

ಆ ಮಾತಿಗೆ ಅವಳ ಹೆದರಿಕೆಯ ನಡುವೆಯೂ ಒಂದು ಸಿಟ್ಟು ಎದ್ದಿತು.

"ನಮ್ಮಪ್ಪ ಮೂಟೆ ಹೊತ್ತಿದ್ದಕ್ಕೇ ನಾನು ಟೇಪು ಹಿಡ್ದಿರೋದು ಯಜಮಾನ್ರೇ. ನನ್ ತಮ್ಮ ಎಲ್ಲಿ?"

"ನಂಗೇನು ಗೊತ್ತು? ಕದ್ದು ಓಡೋದೋನು ಅಡ್ರೆಸ್ ಕೊಟ್ಟು ಓಯ್ತಾನಾ?"

"ಒಡವೆ ಕಳುವಾಗಿಲ್ಲ."

ಅವಳಿಗೆ ಆಡಿದ ಮೇಲೆ ಗಾಬರಿಯಾಯಿತು, ಮುದುಕಿಯ ಗತಿ ಏನು ಎಂದು. ಆದರೆ ಚಿಕ್ಕಬಸಪ್ಪ ಸಿಟ್ಟಾಗಲಿಲ್ಲ. ನಕ್ಕ. ಅವನು ಕೂಗಾಡಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಈ ಗೋಡೆ ಹಿಂದೆ ಅವ್ನೆ ಅಂತ ತಾನೆ ನಿನ್ ಅನುಮಾನ? ತಗಾ." ಹಾರೆಯನ್ನು ನೆಲದ ಮೇಲೆ ಉರುಳಿಸಿ ಅವಳ ಕಾಲ ಬಳಿಗೆ ಬಿಟ್ಟ. "ಒಡಿ. ಸಬ್ಇನ್ಸ್‌ಪೆಕ್ಟ್ರಿಗೂ ಫೋನ್ ಮಾಡಿವ್ನಿ, ಬತ್ತಾ ಅವ್ರೆ. ನನ್ ಮನೆ, ನನ್ ಗೋಡೆ, ನಾನೇ ಒಡಿ ಅಂತಿವ್ನಿ. ಮೊದಲ್ನೇ ಏಟು ನೀನೇ ಹಾಕು. ನಿನ್ ಸಮಾಧಾನಕ್ಕೆ."

ಅವಳು ಹಾರೆ ಎತ್ತಿಕೊಂಡಳು. ನಾಲ್ಕು ಏಟು ಸಾಕು, ಹಸಿ ಗೋಡೆ. ತಮ್ಮ ಸತ್ತಿದ್ದಾನೋ ಬದುಕಿದ್ದಾನೋ, ಗೊತ್ತಾಗಿಬಿಡಲಿ. ಎಲ್ಲಿಗೆ ಹೊಡೆಯಬೇಕೆಂದು ಟಾರ್ಚಿನ ಬೆಳಕನ್ನು ಮೇಲಕ್ಕೆ ಹಾಯಿಸಿದಳು.

ಮದರಾಸು ತಾರಸಿಯ ಹಳೇ ಕೋಣೆ ಅದು. ಕೋಣೆಯ ಉದ್ದಕ್ಕೂ ಒಂದು ಭಾರಿ ತೇಗದ ತೊಲೆ, ಅದರ ಮೇಲೆ ಸಾಲಾಗಿ ಜಂತೆ, ಜಂತೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ಟನ್ನುಗಟ್ಟಲೆ ಭಾರ. ತೊಲೆ ಈ ಹೊಸ ಗೋಡೆಯ ನೆತ್ತಿಯಲ್ಲಿ ತೂರಿ ಆಚೆಗೆ ಹೋಗಿತ್ತು. ತೊಲೆಯ ಅಡಿಗೆ ಸರಿಯಾಗಿ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕುಗಳು ಕೆಳಮುಖವಾಗಿ ಗುಂಪಾಗಿ ಇಳಿದಿದ್ದವು. ನೋಡುತ್ತಿದ್ದ ಹಾಗೆ ಒಂದು ಬಿರುಕಿನಿಂದ ಚಿಟಿಕೆ ಪುಡಿ ಉದುರಿತು.

ಹಾರೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಬಿರುಕು ಓದುವುದನ್ನು ಕಲಿಸುವಾಗ ಮೇಷ್ಟ್ರು ಮೂರು ಚಿತ್ರ ಬರೆದಿದ್ದರು. ಓರೆ ಬಿರುಕು ಕಂಡರೆ ಅಡಿಪಾಯ ಕುಸಿದಿದೆ, ನೋಡೋಣ. ಮೂಲೆಯಲ್ಲಿ ನೇರ ಬಿರುಕು ಕಂಡರೆ ಹೊಸ ಗೋಡೆ ಹಳೆಯದಕ್ಕೆ ಕಚ್ಚಿಕೊಂಡಿಲ್ಲ, ಅದನ್ನೂ ನೋಡೋಣ. ತೊಲೆಯ ಕೆಳಗೆ ಹೀಗೆ ಗುಂಪಾಗಿ ಇಳಿದಿದ್ದರೆ ಗೋಡೆ ಹೊರಲಾರದ ಭಾರ ಹೊತ್ತು ನುಗ್ಗಾಗುತ್ತಿದೆ. "ಅದು ಕಂಡರೆ ನೋಟ್ಸ್ ಬರೀಬೇಡಿ, ಓಡಿ" ಎಂದಿದ್ದರು. ತರಗತಿಯೆಲ್ಲ ನಕ್ಕಿತ್ತು.

ತೊಲೆಯ ಆಚೆ ತುದಿ ಹುಳ ಹಿಡಿದು ಲಡ್ಡಾಗಿದೆ. ಅದಕ್ಕೆ ಆಸರೆಯಾಗಿಯೇ ನಾಗೇಂದ್ರ ಈ ಗೋಡೆ ಎತ್ತಿದ್ದು. ಈಗ ಇಡೀ ತಾರಸಿಯನ್ನು ಹೊತ್ತಿರುವುದು ಇದೊಂದೇ ಗೋಡೆ, ಅದೂ ಇನ್ನೂ ಹಸಿಯಾಗಿರುವ ಗೋಡೆ. ಒಂದು ಹಾರೆ ಏಟು ಬಿದ್ದರೆ ತಾರಸಿ ಕೂರುತ್ತದೆ. ಒಡೆದವಳ ಮೇಲೂ, ಒಳಗಿರುವವನ ಮೇಲೂ. ಹಳೇ ಮನೆ, ಬೇಡ ಬೇಡ ಎಂದರೂ ಹುಡುಗಿ ಗೋಡೆ ಒಡೆದಳು, ಬಿತ್ತು, ಪಾಪ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೆಳಗಿನಿಂದ ಈ ಮನುಷ್ಯ ಒಂದು ಸಲವೂ ಹೊಸ್ತಿಲು ದಾಟಿ ಈ ಕೋಣೆಗೆ ಕಾಲಿಟ್ಟಿಲ್ಲ ಎಂಬುದು ಅವಳಿಗೆ ಹೊಳೆಯಿತು.

ಅವಳು ಹಾರೆಯನ್ನು ಮಲಗಿಸಿಟ್ಟಳು. ಮಗುವನ್ನು ಮಲಗಿಸುವಷ್ಟು ಮೆಲ್ಲಗೆ.

"ಯಾಕೆ, ಕೈ ಸೋತೋಯ್ತಾ?"

"ಯಜಮಾನ್ರೇ, ಒಂದ್ನಿಮಿಷ ಒಳಗೆ ಬನ್ನಿ."

"ಯಾಕೆ?"

"ನಿಮ್ ಮನೇನೇ ಅಲ್ವಾ? ಬಂದು ಈ ತೊಲೆ ಕೆಳಗೆ ನಿಂತ್ಕೊಳ್ಳಿ. ನೀವು ನಿಂತ್ಕೊಂಡ್ರೆ ನಾನು ಮೊದಲ್ನೇ ಏಟು ಹಾಕ್ತೀನಿ."

ಚಿಕ್ಕಬಸಪ್ಪನ ಮುಖದ ನಗು ಅಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ನಂಗೆ ಧೂಳು ಆಗಿಬರಾಕಿಲ್ಲ."

"ಧೂಳಲ್ಲ ಯಜಮಾನ್ರೇ. ತಾರಸಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

"ಜಾಸ್ತಿ ಓದ್ಬುಟ್ಟಿದ್ದೀಯ ನೀನು." ಅವನು ಎಲೆಅಡಿಕೆಯನ್ನು ಪಕ್ಕಕ್ಕೆ ಉಗುಳಿದ. "ನನ್ ಮಗಳು ನಂದಿತಾನೂ ಮೈಸೂರಲ್ಲೇ ಓದ್ತಾ ಅವ್ಳೆ. ಇವತ್ತು ಬೆಳಗಿನ ಬಸ್ಸಿಗೇ ಹಾಸ್ಟೆಲ್‌ಗೆ ಹೊಂಟೋದ್ಲು. ಓದು ಎಷ್ಟಿರ್ಬೇಕೋ ಅಷ್ಟಿದ್ರೆ ಚಂದ. ಹೆಚ್ಚಾದ್ರೆ ಗಾರೆ ಕೆಲ್ಸದೋನೂ ತಂಗೆ ಸಮ ಅನ್ನಿಸ್ಬುಡ್ತಾನೆ. ಹೆಣ್ಮಕ್ಳಿಗೂ ಕಷ್ಟ, ಹೆತ್ತೋರಿಗೂ ಕಷ್ಟ."

ಹೊರಗೆ ಜೀಪು ನಿಂತ ಸದ್ದಾಯಿತು.

ಸಬ್ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಬಂದ. ಊಟದ ಹೊತ್ತಿಗೆ ಎಬ್ಬಿಸಿದ್ದಾರೆಂಬ ಸಿಡುಕು ಮುಖದಲ್ಲೇ ಇತ್ತು. ಹಿಂದಿನ ದಿನ ಠಾಣೆಯಲ್ಲಿ ಇಂದ್ರಾಣಿ ಗೋಗರೆದದ್ದು ಇವನ ಮುಂದೆಯೇ. ನನ್ನ ತಮ್ಮ ಆ ಮನೆಯಿಂದ ಆಚೆ ಬಂದಿಲ್ಲ, ಹೋಗಿ ಹುಡುಕಿ ಸಾರ್ ಎಂದು.

"ಏನಮ್ಮ, ಗೋಡೆ ಹಿಂದೆ ಏನೋ ಅದೆ ಅಂದ್ಯಂತೆ. ಯಜಮಾನ್ರೇ ಒಡೀರಿ ಅಂತಾವ್ರೆ. ಲೇ, ಹಾರೆ ತಗೊಳ್ರೋ."

"ಸಾರ್, ಬೇಡ! ಒಡೀಬಾರ್ದು!"

"ಏನು?"

"ಮೊದ್ಲು ತೊಲೆಗೆ ಆಸರೆ ಕೊಡ್ಬೇಕು ಸಾರ್. ನೀಲಗಿರಿ ಗಳ ತರಿಸಿ, ಜಾಕಿ ತರಿಸಿ. ತೊಲೆ ಎತ್ತಿ ಹಿಡಿದ್ಮೇಲೆ ಗೋಡೆ ಬಿಚ್ಚಬೇಕು. ಹಂಗೇ ಒಡೆದ್ರೆ ಎಲ್ಲಾ ಕೂತ್ಕೊಂಡ್ಬಿಡುತ್ತೆ."

ನಂಜುಂಡಸ್ವಾಮಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಿನ್ನೆ ಹುಡುಕಿ ಅಂತ ಅತ್ತೋಳು ನೀನೇ. ಇವತ್ತು ಹುಡುಕ್ಬೇಡಿ ಅನ್ನೋಳೂ ನೀನೇ."

"ಅದೇ ನೋಡಿ ಸಾರ್," ಎಂದ ಚಿಕ್ಕಬಸಪ್ಪ ಹೊಸ್ತಿಲಾಚೆಯಿಂದಲೇ. "ತಮ್ಮ ಕದ್ದ ಮಾಲು ಇಲ್ಲೇ ಬಚ್ಚಿಟ್ಟವ್ನೆ, ಅಕ್ಕ ತಗೊಂಡು ಓಗಾಕೆ ವೇಷ ಹಾಕ್ಕೊಂಡು ಬಂದವ್ಳೆ. ನೀವು ಬಂದ್ರಿ, ಈಗ ತಾರಸಿ ಬೀಳ್ತದೆ ಅಂತ ಕಥೆ ಕಟ್ತಾವ್ಳೆ."

ಕೇಳಿದರೆ ಯಾರಿಗಾದರೂ ಹೌದೆನ್ನಿಸುವ ಮಾತು. ನಂಜುಂಡಸ್ವಾಮಿಗೂ ಹೌದೆನ್ನಿಸಿತು.

"ಒಡೀರೋ."

ದಪ್ಪನೆಯ ಕಾನ್‌ಸ್ಟೇಬಲ್ ಒಬ್ಬ ಹಾರೆ ಎತ್ತಿಕೊಂಡ. ಇಂದ್ರಾಣಿ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಳು. ಅವಳ ತಲೆಯ ಮೇಲೆ ನೇರವಾಗಿ ತೊಲೆ. ಅವಳಿಗೆ ಸಾಯುವ ಭಯವಿತ್ತು, ಅದನ್ನು ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ. ಗಟ್ಟಿಯಾಗಿ ಅತ್ತುಬಿಟ್ಟಳು.

"ನನ್ ತಮ್ಮ ಒಳಗವ್ನೆ ಸಾರ್! ನಾಗೇಂದ್ರ ಒಳಗವ್ನೆ! ನಿಮ್ ಕಾಲಿಗ್ ಬೀಳ್ತೀನಿ, ಒಡೀಬೇಡಿ!"

"ಸರಿಯಮ್ಮ ಅತ್ಲಾಗೆ…"

ಟಕ್.

ಎಲ್ಲರೂ ಗೋಡೆಯತ್ತ ತಿರುಗಿದರು.

ಟಕ್. ಟಕ್.

ಅವಳ ಬೆನ್ನಿಗೇ ಬಡಿದಂತೆ ಕೇಳಿಸಿತು. ಗೋಡೆಯ ಆಚೆಯಿಂದ. ಇಂದ್ರಾಣಿಯ ಜೀವ ಬಾಯಿಗೆ ಬಂತು, ಮರುಗಳಿಗೆ ಅದೇ ಬಾಯಿಯಿಂದ ಅಳುವೂ ನಗುವೂ ಒಟ್ಟಿಗೆ ಬಂದವು. ಬದುಕಿದ್ದಾನೆ! ಇಷ್ಟು ದಿನ ಕತ್ತಲೆಯಲ್ಲಿ, ಗಾಳಿ ನೀರಿಲ್ಲದೆ, ಬದುಕಿದ್ದಾನೆ.

"ಸಾ, ಒಳಗ್ ಯಾರೋ ಅವ್ರೆ ಸಾ!" ಎಂದ ಕಾನ್‌ಸ್ಟೇಬಲ್, ಹಾರೆ ಕೈಬಿಟ್ಟು.

ಚಿಕ್ಕಬಸಪ್ಪನ ಮುಖ ಹಣೆಯ ವಿಭೂತಿಯಷ್ಟೇ ಬೆಳ್ಳಗಾಯಿತು. ಸತ್ತಿದ್ದಾನೆಂದುಕೊಂಡಿದ್ದವನು ಬಡಿಯುತ್ತಿದ್ದ.

ಟಕ್. ಟಕ್. ಟಕ್. ಈಗ ಜೋರಾಗಿ. ತಲೆಯ ಮೇಲಿಂದ ಇಂದ್ರಾಣಿಯ ಕೂದಲಿಗೆ ಸುಣ್ಣದ ಪುಡಿ ಸುರಿಯಿತು. ಒಳಗಿದ್ದವರು ಕರೆಯುತ್ತಿರಲಿಲ್ಲ, ಗೋಡೆ ಒಡೆಯುತ್ತಿದ್ದರು. ಅವಳ ದನಿ ಕೇಳಿ, ಹೊರಬರಲು.

"ನಿಲ್ಸು!" ಅವಳು ತಿರುಗಿ ಗೋಡೆಗೆ ಬಾಯಿಟ್ಟು ಕಿರುಚಿದಳು. "ನಾಗೇಂದ್ರ, ಹೊಡೀಬೇಡ ಕಣೋ! ತೊಲೆ ಬೀಳುತ್ತೆ, ಹೊಡೀಬೇಡ!"

ಅವಳೇ ಗಾರೆ ಕೆರೆದಿದ್ದ ಜಾಗದಲ್ಲಿ ಒಂದು ಇಟ್ಟಿಗೆ ಅಲ್ಲಾಡಿತು. ಮುಂದೆ ಬಂತು. ಅವಳು ಎರಡೂ ಕೈಯಿಂದ ಹಿಡಿದು ಒಳಕ್ಕೆ ತಳ್ಳಲು ನೋಡಿದಳು. ಆಗಲಿಲ್ಲ. ಇಟ್ಟಿಗೆ ಜಾರಿ ಅವಳ ಕಾಲ ಬಳಿ ಬಿತ್ತು, ಮೇಲೆ ತೊಲೆ ನರಳಿತು.

ತೂತಿನಿಂದ ಒಂದು ಕೈ ಹೊರಬಂತು.

ಇಂದ್ರಾಣಿ ಅದನ್ನು ಗಪ್ಪನೆ ಹಿಡಿದುಕೊಂಡಳು. ಹಿಡಿದವಳು ಟಾರ್ಚು ಬಿಟ್ಟು ನೋಡಿ ಹಾಗೇ ಮರಗಟ್ಟಿದಳು. ಸಿಮೆಂಟು ಮೆತ್ತಿ ಮೆತ್ತಿ ಒರಟಾದ ನಾಗೇಂದ್ರನ ಕೈ ಅಲ್ಲ ಅದು. ಎಳೆಯ ಕೈ. ಮಣಿಕಟ್ಟಿನಲ್ಲಿ ಒಡೆದ ಹಸಿರು ಗಾಜಿನ ಬಳೆ, ಬೆರಳಲ್ಲಿ ಕೆಂಪು ಹರಳಿನ ಉಂಗುರ.

ಬಾಗಿಲ ಬಳಿ ಬಂದು ಇಣುಕಿದ ಜವರಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ನನ್ ಕೂಸೇ! ಬಸ್ಸಿಗ್ ಓದ್ಲು ಅಂದ್ಯಲ್ಲೋ ಬಸಪ್ಪಾ! ನಂದಿತಾ ಕಣೋ ಅದು!"

ಚಿಕ್ಕಬಸಪ್ಪ ಆ ಉಂಗುರವನ್ನೇ ನೋಡಿದ. ಬೆಳಗಿನ ಜಾವ ತಾನೇ ಎತ್ತಿ ಮುಚ್ಚಿದ ಚಪ್ಪಡಿಯ ಕೆಳಗೆ ಯಾರು ಇಳಿದಿದ್ದರು, ಇಷ್ಟು ದಿನ ಆ ಹುಡುಗನಿಗೆ ಅನ್ನ ನೀರು ಯಾರು ಇಳಿಸುತ್ತಿದ್ದರು ಎಂದು ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. "ನಂದೂ" ಎಂದು ಕಿರುಚಿಕೊಂಡು, ಬೆಳಗಿನಿಂದ ದಾಟದ ಹೊಸ್ತಿಲನ್ನು ದಾಟಿ, ಬಂದು ಗೋಡೆಗೆ ಹೆಗಲು ಕೊಟ್ಟು ನಿಂತ.

"ಯಾರೂ ಮುಟ್ಬೇಡ್ರೋ ಗೋಡೇನಾ! ಯಾರೂ ಮುಟ್ಬೇಡ್ರೋ! ಎಂಜಿನಿಯರಮ್ಮ, ಏನ್ ಮಾಡ್ಬೇಕು ಹೇಳವ್ವಾ, ನೀವ್ ಏನ್ ಹೇಳಿದ್ರೆ ಅದು, ನನ್ ಮಗಳು ಒಳಗವ್ಳೆ!"

ನಂಜುಂಡಸ್ವಾಮಿಯೂ ಅವಳ ಮುಖವನ್ನೇ ನೋಡಿದ. ಕಾನ್‌ಸ್ಟೇಬಲ್‌ಗಳೂ. ಇಂದ್ರಾಣಿಗೆ ಒಂದೇ ಉತ್ತರ ಗೊತ್ತಿತ್ತು. ಗಳ ಬರಬೇಕು, ಜಾಕಿ ಬರಬೇಕು, ತೊಲೆಯನ್ನು ಕೂದಲೆಳೆ ಕೂದಲೆಳೆಯಾಗಿ ಎತ್ತಬೇಕು. ಸಂಜೆಯಾಗುತ್ತದೆ. ಅದಕ್ಕಿಂತ ಮುಂಚೆ ಒಂದು ಇಟ್ಟಿಗೆಯನ್ನೂ ಅಲ್ಲಾಡಿಸುವಂತಿಲ್ಲ. ಮೇಲೆ ಹತ್ತಿ ಚಪ್ಪಡಿ ತೆಗೆಯೋಣವೆಂದರೆ, ಹತ್ತಿದವರ ಭಾರವೂ ನರಳುತ್ತಿರುವ ಇದೇ ತೊಲೆಯ ಮೇಲೆ ಬೀಳುತ್ತದೆ.

"ನಂದಿತಾ, ಕೇಳಿಸ್ತಾ ಇದೆಯಾ?" ಅವಳು ತೂತಿಗೆ ಬಾಯಿಟ್ಟು ಕೇಳಿದಳು. "ನಾನು ನಾಗೇಂದ್ರನ ಅಕ್ಕ. ಸಂಜೆ ತನಕ ಅಲ್ಲಾಡ್ದೆ ಇರಿ. ಇಬ್ರನ್ನೂ ಹೊರಗೆ ತೆಗೀತೀನಿ. ನಾಗೇಂದ್ರನಿಗೆ ಹೇಳು."

ಒಳಗಿನಿಂದ ಬಿಕ್ಕಿದ ಸದ್ದು. ಅವಳ ಕೈಯೊಳಗಿನ ಬೆರಳುಗಳು ಬಿಗಿಯಾದವು.

"ಸಂಜೆ ತನಕ ಆಗಲ್ಲ ಅಕ್ಕಾ. ಬೆಳಕಿಂಡಿಯಿಂದ ಬಿದ್ದು ಅವರ ಕಾಲು ಮುರಿದಿತ್ತು, ಜ್ವರ ಬಂತು. ನೀವು ಕೂಗಿದ್ದು ಕೇಳಿ ಒಂದ್ಸಲ ಕಣ್ಬಿಟ್ರು, ಅಕ್ಕ ಅಂದ್ರು. ಅಪ್ಪನಿಗೆ ಹೆದರಿ ಸುಮ್ನಿದ್ದ ನಾನು ಅದಕ್ಕೇ ಹೊಡೆದೆ." ಹುಡುಗಿಯ ದನಿ ಒಡೆಯಿತು. "ಈಗ ಅವರ ಕೈ ತಣ್ಣಗಾಗ್ತಾ ಇದೆ."